ಅಷ್ಟಮದಲ್ಲಿ ಸೆಂಟರ್ ಫಾರ್ವರ್ಡ್

ನೇಸರಗಿಯ ಫುಟ್‌ಬಾಲ್ ತಂಡ ಮೂರು ವರ್ಷದಿಂದ ಒಂದೇ ಒಂದು ಗೋಲು ಹೊಡೆದಿರಲಿಲ್ಲ. ತಂಡದ ಮ್ಯಾನೇಜರನಾಗಿ ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತಿದ್ದೇನೆ. ಮ್ಯಾನೇಜರ್ ಎಂದರೆ ಬಸ್‌ಸ್ಟ್ಯಾಂಡಿನ ಎದುರು ಚಹಾದಂಗಡಿ ಇಟ್ಟುಕೊಂಡು, ಪಂದ್ಯದ ದಿನ ಅಂಗಡಿ ಮುಚ್ಚಿ ನೀರಿನ ಕ್ಯಾನು ಹೊರುವವನು. ಗೋಲು ಹೊಡೆಯುವುದು ನನ್ನ ಕೆಲಸವಲ್ಲ. ನೀರು ಕಡಿಮೆ ಬಿದ್ದಿದ್ದರೆ ಬಂದು ಕೇಳಿ.

ಪ್ರತಿ ಡಿಸೆಂಬರಿನಲ್ಲಿ ಸವದತ್ತಿಯಲ್ಲಿ ನಾಲ್ಕು ತಾಲೂಕುಗಳ ಪಂದ್ಯಾವಳಿ ನಡೆಯುತ್ತದೆ. ಕಿತ್ತೂರು, ರಾಮದುರ್ಗ, ಸವದತ್ತಿಯಿಂದ ಒಂದೊಂದು ತಂಡ, ಬೈಲಹೊಂಗಲ ತಾಲೂಕಿನ ಪರವಾಗಿ ನಾವು. ಮೊದಲ ಪಂದ್ಯ ಸೋತವರು ಅಂದೇ ಮನೆಗೆ ಹೊರಡಬೇಕು. ಮೂರು ವರ್ಷವೂ ನಾವು ಮುಂಜಾನೆ ಹೋಗಿ ಸಂಜೆಯೊಳಗೆ ಬಂದಿದ್ದೆವು. ಈ ಸಲ ಕಮಿಟಿಯವರಿಂದ ಪಂದ್ಯಕ್ಕೆ ಹದಿನೈದು ದಿನ ಮೊದಲೇ ಒಂದು ಪತ್ರ ಬಂತು. ನಾಲ್ಕನೆಯ ವರ್ಷವೂ ಒಂದೂ ಗೋಲು ಹೊಡೆಯದಿದ್ದರೆ ನಮ್ಮ ಹೆಸರು ತೆಗೆದು ಅದೇ ತಾಲೂಕಿನ ಬೇರೆ ಊರಿಗೆ ಜಾಗ ಕೊಡುತ್ತಾರಂತೆ.

ಪತ್ರವನ್ನು ನನ್ನ ಅಂಗಡಿಯಲ್ಲಿ ಓದಿದವನು ಟಿಪ್ಪುಸಾಬ. ಅವನು ನಮ್ಮ ಕ್ಯಾಪ್ಟನ್, ಟೆಂಪೋ ಡ್ರೈವರ್, ವಯಸ್ಸು ನಲವತ್ತೆಂಟು. ಇಪ್ಪತ್ತೆರಡು ವರ್ಷದ ಹಿಂದೆ ಈ ತಂಡ ಕಟ್ಟಿದವನು ಅವನೇ. ಅವನ ಮೊಣಕಾಲು ಎರಡು ವರ್ಷದಿಂದ ನಿವೃತ್ತಿ ಕೇಳುತ್ತಿದೆ, ಅವನು ಮಂಜೂರು ಮಾಡಿಲ್ಲ.

"ಗೆಲ್ಲೂದ ಬ್ಯಾಡ," ಅಂದ ಪತ್ರ ಮಡಚುತ್ತ. "ಒಂದ ಗೋಲ ಸಾಕು. ಟೀಮ ಉಳೀತೈತಿ. ಆಮ್ಯಾಲ ನಾ ಆರಾಮ ಮನ್ಯಾಗ ಕುಂಡ್ರತೇನಿ."

ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲ ಅನರ್ಥ ಆದದ್ದು ಈ ಮೌನದಿಂದ. ಪಕ್ಕದ ಝೆರಾಕ್ಸ್ ಅಂಗಡಿಯ ರಘೋತ್ತಮ ಜೋಶಿ ಆಗ ಬೆಂಚಿನ ತುದಿಗೆ ಕೂತು ಚಹಾ ಕುಡಿಯುತ್ತಿದ್ದ. ಐವತ್ತೆರಡು ವಯಸ್ಸಿನ, ಯಾರಿಗೂ ಕೆಡುಕು ಬಯಸದ ಮನುಷ್ಯ. ಒಂದೇ ದೋಷವೆಂದರೆ ನಾಲ್ಕು ಜನ ಸುಮ್ಮನೆ ಕೂತರೆ ಅವನಿಗೆ ತಡೆಯಲಾಗುವುದಿಲ್ಲ, ಏನಾದರೂ ಹೇಳಿಬಿಡುತ್ತಾನೆ.

"ಧಾರವಾಡದಾಗ ಕಾಲೇಜಿನ ಫುಟ್‌ಬಾಲ್ ಟೀಮಿನ ಜೋಡಿ ನಾನೂ ಇದ್ದೆ," ಅಂದ.

ಇದು ಪೂರ್ತಿ ಸುಳ್ಳಲ್ಲ. ಎರಡು ವರ್ಷ ಅವನು ತಂಡದ ಜೊತೆ ಮೈದಾನದಲ್ಲಿದ್ದದ್ದು ನಿಜ. ಸುಣ್ಣದ ಬಕೆಟ್ಟು ಹಿಡಿದು ಗೆರೆ ಹಾಕುತ್ತಿದ್ದ. ಚೆಂಡು ಅವನ ಕಾಲಿಗೆ ತಾಗಿದ್ದು ಒಮ್ಮೆ, ಅದೂ ಬಕೆಟ್ಟು ಉರುಳಿತು ಅಂತ ಅವನಿಗೆ ನೆನಪು. ಈ ವಿವರವನ್ನೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಟಿಪ್ಪುಸಾಬ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡಿದ್ದ.

"ಇಷ್ಟ ದಿನ ಯಾಕ ಮುಚ್ಚಿಟ್ರಿ ಜೋಶ್ಯಾರ? ನಾಳಿಯಿಂದ ನೀವ ನಮ್ಮ ಕೋಚ್."

ರಘೋತ್ತಮ ನನ್ನ ಮುಖ ನೋಡಿದ. ನಾನು ಲೋಟ ತೊಳೆಯುತ್ತಿದ್ದೆ.

ಮುಂದಿನ ಮೂರು ದಿನ ಅವನ ಅಂಗಡಿಯಲ್ಲಿ ಆಧಾರ್ ಕಾರ್ಡಿನ ಪ್ರತಿ ಕೇಳಿದವರಿಗೆ ಪಹಣಿಯ ಪ್ರತಿ ಸಿಕ್ಕಿತು. ಅವನ ಕಣ್ಣು ಮೊಬೈಲಿನಲ್ಲಿತ್ತು. ಯಾವುದೋ ಪರದೇಶದ ಕೋಚು ಮೈದಾನವನ್ನು ಚೌಕ ಚೌಕ ಮಾಡಿ ಏನನ್ನೋ ವಿವರಿಸುವ ವಿಡಿಯೋ. ಭಾಷೆ ತಿಳಿಯಲಿಲ್ಲ, ಚೌಕ ತಿಳಿಯಿತು. ನಾಲ್ಕನೆಯ ದಿನ ನನ್ನ ಅಂಗಡಿಗೆ ಬಂದು, ಆಟಗಾರರೆಲ್ಲ ಕೂತಿರುವಾಗ, ನಿಂತುಕೊಂಡೇ ಮಾತಾಡಿದ.

"ಆಕ್ರಮಣದ ಹೊಸಾ ಪದ್ಧತಿ ಅದರಿ. ಮೈದಾನದಾಗ ಒಬ್ಬೊಬ್ಬರಿಗೆ ಒಂದೊಂದು ಖಾನೆ. ತನ್ನ ಖಾನೆ ಬಿಟ್ಟು ಯಾರೂ ಹೊರಗ ಬರಬಾರದು. ಚೆಂಡಿನ ಹಿಂದ ಓಡೂದಂತೂ ಬ್ಯಾಡೇ ಬ್ಯಾಡ. ನಿಂತಲ್ಲೇ ಚೆಂಡು ಬರ್ತದ. ಬಂದದ್ದನ್ನ ಬಾಜೂ ಖಾನೆಗೆ ಕೊಡೂದು."

"ಓಡೂದ ಬ್ಯಾಡೇನ್ರಿ?" ಟಿಪ್ಪುಸಾಬ ಕೇಳಿದ.

"ಬ್ಯಾಡ."

"ಇದು ನಮ್ಮ ಮಂದಿಗೆ ಹೇಳಿ ಮಾಡಿಸಿದಂಗ ಐತಿ."

ಮಾತು ಸುಳ್ಳಲ್ಲ. ಅಲ್ಲಿಯವರೆಗೆ ನಮ್ಮ ಪದ್ಧತಿ ಒಂದೇ ಆಗಿತ್ತು. ಚೆಂಡು ಎಲ್ಲಿದೆಯೋ ಅಲ್ಲಿಗೆ ಹತ್ತೂ ಜನ ಹೋಗುವುದು, ಗೋಲು ಕಾಯುವ ಗೋಲಿಯಾಗಿದ್ದ ಗೌತಮನೂ ಬೇಸರವಾದಾಗ ಬಂದು ಸೇರುವುದು. ಹಿಟ್ಟಿನ ಗಿರಣಿಯ ಯಮನಪ್ಪನಿಗೆ ಓಟ ಬಾರದು, ಆದರೆ ಒದ್ದರೆ ಚೆಂಡು ಸಂತೆಯೊಳಗೆ ಬಿದ್ದದ್ದುಂಟು. ಟಿಪ್ಪುಸಾಬನ ತಮ್ಮನ ಮಗ ಸಾಜಿದ್ ಬೈಕ್ ರಿಪೇರಿ ಮಾಡುವವನು, ಗಾಳಿಯಂತೆ ಓಡುತ್ತಾನೆ, ಆದರೆ ಬಲಕ್ಕೆ ಮಾತ್ರ ತಿರುಗುತ್ತಾನೆ. ಮೂವತ್ತನಾಲ್ಕು ದಾಟಿದರೂ ಮದುವೆಯಾಗದ ಮಧುವಿಗೆ ನಿಲ್ಲಿಸಿದಲ್ಲಿ ನಿಲ್ಲುವುದಷ್ಟೇ ಗೊತ್ತು. ಹೊಸ ಪದ್ಧತಿಯಲ್ಲಿ ಈ ದೋಷಗಳೆಲ್ಲ ಗುಣಗಳಾಗುತ್ತಿದ್ದವು. ಯಮನಪ್ಪನನ್ನು ಎದುರಾಳಿಯ ಗೋಲಿನ ಮುಂದಿನ ಖಾನೆಯಲ್ಲಿ ನಿಲ್ಲಿಸಿದರೆ ಓಡುವ ಪ್ರಶ್ನೆಯೇ ಇಲ್ಲ, ಒದ್ದರೆ ಸಾಕು. ನನಗೂ ಅಂದು ಸ್ವಲ್ಪ ಆಸೆ ಹುಟ್ಟಿತು.

ರಘೋತ್ತಮ ಇದನ್ನು ಕಾಗದದ ಮೇಲೆ ಬರೆಯಲು ಕೂತ. ಇಲ್ಲಿ ಅವನ ಮನೆತನದ ಬಗ್ಗೆ ಹೇಳಬೇಕು. ಅವನ ತಂದೆ ದೊಡ್ಡ ಜೋಶಿಯವರು ಈ ಭಾಗದಲ್ಲೆಲ್ಲ ಹೆಸರಾದ ಜ್ಯೋತಿಷಿ. ಹೂಲಿ, ಉಗರಗೋಳದಿಂದಲೂ ಜನ ಬರುತ್ತಿದ್ದರು. ಮಗನಿಗೆ ಜ್ಯೋತಿಷ ಹತ್ತಲಿಲ್ಲ. ಆದರೆ ಚಿಕ್ಕವನಿದ್ದಾಗ ರಜೆ ಬಂತೆಂದರೆ ತಂದೆ ಅವನ ಕೈಯಲ್ಲಿ ಅಡಿಪಟ್ಟಿ ಕೊಟ್ಟು ಖಾಲಿ ಕುಂಡಲಿಗಳನ್ನು ನೂರುಗಟ್ಟಲೆ ಗೀಚಿಸುತ್ತಿದ್ದರು. ಸುತ್ತ ಹನ್ನೆರಡು ಮನೆ, ನಡುವೆ ಖಾಲಿ. ವಿಡಿಯೋದಲ್ಲಿ ಎಷ್ಟು ಚೌಕವಿತ್ತೆಂದು ಈಗ ಅವನಿಗೆ ನೆನಪಾಗಲಿಲ್ಲ. ಕೈ ತನಗೆ ಬರುವ ಚೌಕವನ್ನು ಬರೆಯಿತು.

ಕೆಳಗಿನ ಸಾಲಿನ ಒಂದು ಮನೆಯಲ್ಲಿ ಗೌತಮ, ಅದು ನಮ್ಮ ಗೋಲು ಎಂದು ತಿಳಿಯಲು ಒಂದು ಓರೆ ಗೆರೆ. ಅಲ್ಲಿಂದ ಸುತ್ತಲೂ ಒಬ್ಬೊಬ್ಬರ ಹೆಸರು. ಹನ್ನೊಂದು ಜನ ಮುಗಿದ ಮೇಲೂ ಒಂದು ಮನೆ ಉಳಿಯಿತು. ಕಮಿಟಿಯವರು ಹೇಗೂ ಹನ್ನೆರಡು ಹೆಸರು ಕೇಳಿದ್ದರು, ಕೊನೆಯದರಲ್ಲಿ ತನ್ನ ಹೆಸರು ಬರೆದ. ನಡುವಿನ ಖಾಲಿ ಜಾಗದಲ್ಲಿ ಯಾರೂ ಇಲ್ಲ. ಅಲ್ಲಿಗೆ ಚೆಂಡು ಬಂದರೆ ಯಾರು ಹೋಗಬೇಕೆಂದು ನಾನು ಕೇಳಿದೆ. ಅದನ್ನು ಆಮೇಲೆ ನೋಡೋಣ ಅಂದ.

ಮರುದಿನ ಯಮನಪ್ಪನ ತಾಯಿ ಬೀರವ್ವ ರೇಷನ್ ಕಾರ್ಡಿನ ಪ್ರತಿ ಮಾಡಿಸಲು ಹೋದಳು. ಝೆರಾಕ್ಸ್ ಯಂತ್ರದ ಪಕ್ಕದಲ್ಲಿ ಹನ್ನೊಂದು ಪ್ರತಿ ಬಿದ್ದಿದ್ದವು. ಬೀರವ್ವನಿಗೆ ಓದಲು ಬರುವುದು ಮಗನ ಹೆಸರು ಮಾತ್ರ, ಅದನ್ನು ಓದಿದಳು. ಹನ್ನೆರಡು ಮನೆಯನ್ನು ಅವಳು ಮೊದಲೂ ಕಂಡಿದ್ದಳು. ಓರೆ ಗೆರೆ ಎಳೆದ ಮನೆ ಲಗ್ನ, ಅಲ್ಲಿಂದ ಎಣಿಸಬೇಕೆಂಬುದು ದೊಡ್ಡ ಜೋಶಿಯವರೇ ಅವಳಿಗೆ ತೋರಿಸಿಕೊಟ್ಟದ್ದು. ಗೌತಮನಿಂದ ಬೆರಳಿಟ್ಟು ಎಣಿಸಿದಳು. ಯಮನಪ್ಪ ಕೂತದ್ದು ಎಂಟನೆಯ ಮನೆಯಲ್ಲಿ. ಅವಳ ಗಂಡನ ಕುಂಡಲಿಯಲ್ಲಿ ಎಂಟರಲ್ಲಿ ಶನಿ ಬಂದ ವಾರವೇ ಅವನು ಚಕ್ಕಡಿಯಿಂದ ಬಿದ್ದು ಕಾಲು ಮುರಿದುಕೊಂಡು ಒಂದು ವರ್ಷ ಮಲಗಿದ್ದ.

"ಜೋಶ್ಯಾರ, ನನ್ನ ಮಗ ಅಷ್ಟಮದಾಗ ಅದಾನ?"

ರಘೋತ್ತಮ ತಲೆ ಎತ್ತಿದ. "ಅಯ್ಯ, ಏನೂ ಇಲ್ಲ ಬೀರವ್ವ. ಇದು ಬರೇ ಆಟ. ಆರಾಮ ಇರ್ರಿ."

ಇದಕ್ಕಿಂತ ಕೆಟ್ಟ ಉತ್ತರ ಅವನಿಗೆ ಸಿಗುವಂತಿರಲಿಲ್ಲ. ದೊಡ್ಡ ಜೋಶಿಯವರು ಕೆಟ್ಟದ್ದನ್ನು ಎಂದೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಳ್ಳೆಯದಿದ್ದರೆ ಒಂದು ತಾಸು ವಿವರಿಸುತ್ತಿದ್ದರು. ಕೆಟ್ಟದ್ದಿದ್ದರೆ ಕುಂಡಲಿ ಮಡಚಿ, 'ಏನೂ ಇಲ್ಲ, ಆರಾಮ ಇರ್ರಿ' ಅಂದು ಒಳಗೆ ಹೋಗುತ್ತಿದ್ದರು. ಆ ಮಾತು ಕೇಳಿದವರು ಮನೆಗೆ ಹೋಗಿ ನೆಂಟರನ್ನು ಕರೆಸುತ್ತಿದ್ದರು. ನಲವತ್ತು ವರ್ಷ ಈ ಊರು ಹಾಗೇ ನಡೆದದ್ದು.

ಬೀರವ್ವ ರೇಷನ್ ಕಾರ್ಡು ಅಲ್ಲೇ ಬಿಟ್ಟು, ಒಂದು ಪ್ರತಿ ಎತ್ತಿಕೊಂಡು ಹೋದಳು. ಮಧ್ಯಾಹ್ನದೊಳಗೆ ಹನ್ನೊಂದು ಮನೆಯವರೂ ಎಣಿಸಿ ಮುಗಿಸಿದ್ದರು. ಮಧು ಏಳನೆಯ ಮನೆಯಲ್ಲಿ, ಅಂದರೆ ಕಳತ್ರ ಸ್ಥಾನದಲ್ಲಿ ಕೂತಿದ್ದಾನೆಂದು ತಿಳಿದು ಅವನ ತಾಯಿ ಪೇಡೆ ತಂದು ರಘೋತ್ತಮನ ಬಾಯಿಗೆ ತಾನೇ ಹಾಕಿದಳು. ಕನ್ಯೆ ಯಾವ ದಿಕ್ಕಿನಿಂದ ಎಂದು ಕೇಳಿದಳು. ಮಧುವಿನಿಂದ ಬಲಕ್ಕೆ ಸಾಜಿದ್‌ನ ಕಡೆಗೆ ಚೆಂಡು ಹೋಗುವ ಬಾಣದ ಗುರುತಿತ್ತು. ಬಾಯಲ್ಲಿ ಪೇಡೆ ಇದ್ದ ರಘೋತ್ತಮ ಏನೂ ಹೇಳಲಾಗದೆ ಬಾಣದ ಕಡೆಗೆ ಕೈ ತೋರಿಸಿದ. ಮಧುವಿನ ಮನೆಯವರು ಆ ದಿಕ್ಕಿನ ಊರುಗಳಿಗೆ ಫೋನು ಹಚ್ಚಿದರು.

ಸಂಜೆ ನಾನು ಚಹಾ ಕೊಡಲು ಹೋದಾಗ ರಘೋತ್ತಮನ ತಾಯಿ ಕಮಲಾಬಾಯಿ ಅಂಗಡಿಯಲ್ಲಿ ನಿಂತಿದ್ದರು. ಎಪ್ಪತ್ತೆಂಟು ವಯಸ್ಸಾದರೂ ಮಾತು ಸೂಜಿ.

"ಊರ ಮಂದಿ ನಿನ್ನ ಕಡೆ ಜಾತಕಾ ಕೇಳ್ಲಿಕತ್ತಾರಲ್ಲೋ. ನಿಮ್ಮಪ್ಪ ಹತ್ತು ವರ್ಷ ತಲಿ ಬಡಕೊಂಡ್ರೂ ನಿನಗ ರಾಹು ಯಾವದು ಕೇತು ಯಾವದು ಗೊತ್ತಾಗಲಿಲ್ಲ."

"ನಾ ಏನು ಮಾಡ್ಲೆವ್ವ? ಏನೂ ಇಲ್ಲ ಅಂತ ಎಲ್ಲಾರಿಗೂ ಹೇಳಿದೆ."

"ಹಂಗ ಹೇಳಿದ್ಯಾ? ಮುಗೀತು ಹಂಗಾರ," ಅಂದು ಕಮಲಾಬಾಯಿ ಮನೆಗೆ ಹೋದರು.

ಅವನಿಗೆ ಇನ್ನೊಂದು ಬುದ್ಧಿ ಹೊಳೆಯಿತು. ಕಾಗದದಲ್ಲಿ ತಪ್ಪು ತಿಳಿದವರಿಗೆ ಮೈದಾನದಲ್ಲಿ ತೋರಿಸಿದರೆ ಆಟವೆಂದು ತಿಳಿದೀತು. ಮರುದಿನ ಮುಂಜಾನೆ ಸುಣ್ಣದ ಬಕೆಟ್ಟು ಹಿಡಿದು ಶಾಲೆಯ ಮೈದಾನಕ್ಕೆ ಇಳಿದ. ಗೆರೆ ಹಾಕುವಾಗ ಅವನು ಬೇರೆಯೇ ಮನುಷ್ಯ, ಇದನ್ನು ನಾನು ಒಪ್ಪಬೇಕು. ದಾರ ಹಿಡಿಯಲಿಲ್ಲ, ಅಳತೆ ಮಾಡಲಿಲ್ಲ, ಬಗ್ಗಿ ನಡೆಯುತ್ತ ಹೋದ. ಹಿಂದೆ ಬಿದ್ದ ಬಿಳಿ ಗೆರೆಯಲ್ಲಿ ಒಂದು ಕೂದಲೆಳೆಯ ಓರೆಯೂ ಇರಲಿಲ್ಲ. ಎರಡು ತಾಸಿನಲ್ಲಿ ನೇಸರಗಿಯ ಶಾಲಾ ಮೈದಾನದಲ್ಲಿ ನೂರು ಹೆಜ್ಜೆ ಉದ್ದದ ಕುಂಡಲಿ ತಯಾರಾಯಿತು.

ಅಂದು ಸಂತೆಯ ದಿನ. ಬಂದವರು ಚಪ್ಪಲಿ ಬಿಟ್ಟು ಸುತ್ತ ನಿಂತರು. ಇಷ್ಟು ದೊಡ್ಡ ಕುಂಡಲಿ ಬರೆಸಬೇಕಾದರೆ ಯಾರದೋ ದೊಡ್ಡ ಗಂಡಾಂತರವೇ ಇರಬೇಕೆಂದು ಎಲ್ಲರಿಗೂ ಖಾತ್ರಿಯಾಯಿತು. ಟಿಪ್ಪುಸಾಬ ಸೀಟಿ ಊದಿದ. ಆಟಗಾರರು ತಮ್ಮ ತಮ್ಮ ಮನೆಗೆ ಹೋಗಿ ನಿಂತರು. ಎಂಟನೆಯದು ಮಾತ್ರ ಖಾಲಿ. ಯಮನಪ್ಪ ಗೆರೆಯ ಹೊರಗೆ ನಿಂತಿದ್ದ, ಅವನ ಅಂಗಿಯ ತುದಿ ಬೀರವ್ವನ ಮುಷ್ಟಿಯಲ್ಲಿತ್ತು.

"ಒಳಗ ಕಾಲ ಇಟ್ರ ನನ್ನ ಹೆಣಾ ನೋಡ್ತಿ," ಅಂದಳು.

"ಯವ್ವ, ಅಲ್ಲಿ ನಿಂತರ ಗೋಲ ಆಕ್ಕೈತಿ," ಅಂದ ಯಮನಪ್ಪ. ಅವನ ದನಿಯಲ್ಲಿ ಬಲವಿರಲಿಲ್ಲ, ಕಣ್ಣು ತನ್ನ ಕಾಲಿನ ಮೇಲಿತ್ತು.

ಬೇರೆ ಯಾರಾದರೂ ಬರುತ್ತೀರಾ ಎಂದು ಟಿಪ್ಪುಸಾಬ ಕೇಳಿದ. ಎಲ್ಲರೂ ತಾವು ನಿಂತ ಮನೆ ಎಷ್ಟು ಚೆನ್ನಾಗಿದೆ ಎಂಬಂತೆ ನೆಲ ನೋಡಿದರು. ಎದುರಾಳಿಯ ಗೋಲಿನ ನೇರ ಮುಂದಿರುವ ಆ ಖಾನೆ ಖಾಲಿಯಾದರೆ ಗೋಲು ಹೊಡೆಯುವವನೇ ಇಲ್ಲ. ಕೊನೆಗೆ ಟಿಪ್ಪುಸಾಬ ಎರಡನೆಯ ಮನೆಯಿಂದ ಕುಂಟುತ್ತ ಹೊರಬಂದ.

"ಯಮನಪ್ಪಾ, ನೀ ನನ್ನ ಜಾಗಾದಾಗ ನಿಲ್ಲು. ನಾ ಹೋಗತೇನಿ ಎಂಟರಾಗ. ನಮ್ಮ ಮನ್ಯಾಗ ಕುಂಡಲಿ ಬರಸೂ ರೂಢಿ ಇಲ್ಲ."

ಎರಡನೆಯ ಮನೆ ಧನಸ್ಥಾನ. ಬೀರವ್ವ ಕೂಡಲೇ ಅಂಗಿ ಬಿಟ್ಟಳು.

ಆಮೇಲೆ ನಡೆದದ್ದನ್ನು ನನ್ನ ಕಣ್ಣೇ ನಂಬಲಿಲ್ಲ. ಯಾರೂ ತಮ್ಮ ಮನೆ ಬಿಡಲಿಲ್ಲ. ಬಿಟ್ಟರೆ ಪಕ್ಕದ ಮನೆಯ ದೋಷ ಹತ್ತೀತೆಂಬ ಭಯ. ಇಪ್ಪತ್ತೆರಡು ವರ್ಷ ಟಿಪ್ಪುಸಾಬ ಗಂಟಲು ಹರಿದುಕೊಂಡರೂ ಆಗದ ಕೆಲಸವನ್ನು ನವಗ್ರಹಗಳು ಒಂದು ಮುಂಜಾನೆಯಲ್ಲಿ ಮಾಡಿ ತೋರಿಸಿದವು. ಚೆಂಡು ಗೌತಮನಿಂದ ಯಮನಪ್ಪನಿಗೆ, ಅಲ್ಲಿಂದ ಮನೆ ಮನೆ ದಾಟಿ ಮಧುವಿನವರೆಗೆ ಬಂತು. ಸುತ್ತ ನಿಂತ ಜನ ಕೈ ಮುಗಿದರು.

ಪಂದ್ಯದ ದಿನ ಸವದತ್ತಿಗೆ ಹೋಗುವ ಟೆಂಪೋದಲ್ಲಿ ಬೀರವ್ವನೂ ಹತ್ತಿದಳು. ಮಗ ಮನೆ ಬದಲಿಸದಂತೆ ಕಾಯಬೇಕಂತೆ. ರಘೋತ್ತಮ ಮುಂದೆ ಕೂತು ಯರಗಟ್ಟಿ ದಾಟುವವರೆಗೆ ಕಾಗದದ ಖಾನೆಗಳನ್ನು ಎಣಿಸುತ್ತಿದ್ದ. ಹಿಂದಿನ ಸೀಟಿನಿಂದ ಅವನ ಕತ್ತಿನ ಬೆವರು ನನಗೆ ಕಾಣುತ್ತಿತ್ತು.

ನಮ್ಮ ಎದುರಾಳಿ ಕಿತ್ತೂರಿನ ತಂಡ. ಇಪ್ಪತ್ತೈದು ನಿಮಿಷದ ಎರಡು ಅರ್ಧ. ರೆಫ್ರಿ ರಾಮದುರ್ಗದ ಕಡೆಯ ಒಬ್ಬ ದೈಹಿಕ ಶಿಕ್ಷಕರು, ನಗುವುದನ್ನು ನಿಲ್ಲಿಸಿ ಬಹಳ ವರ್ಷವಾದಂತಿತ್ತು. ಆಟ ಶುರುವಾಯಿತು. ನಮ್ಮವರು ಸುತ್ತಲೂ ಹರಡಿ ನಿಂತಾಗ ಕಿತ್ತೂರಿನವರು ಒಬ್ಬರ ಮುಖ ಒಬ್ಬರು ನೋಡಿದರು. ಚೆಂಡು ಆರು ಕಾಲು ದಾಟಿ ಅವರ ಗೋಲಿನ ಮುಂದೆ ಬಂದಾಗ ಅವರ ಕೋಚು ಕುರ್ಚಿಯಿಂದ ಎದ್ದ. ನಾನು ಕ್ಯಾನು ಗಟ್ಟಿಯಾಗಿ ಹಿಡಿದುಕೊಂಡೆ. ಎಂಟನೆಯ ಮನೆಯಲ್ಲಿ ಟಿಪ್ಪುಸಾಬ ಕಾಲು ಎತ್ತಿದ. ಕಾಲು ಮೇಲೆ ಹೋಗುವಷ್ಟರಲ್ಲಿ ಚೆಂಡು ಹೋಗಿ ಗೋಲಿಯ ಕೈಯಲ್ಲಿತ್ತು.

ನಡುವಿನ ಖಾಲಿ ಜಾಗದ ಪ್ರಶ್ನೆಗೆ ಕಿತ್ತೂರಿನವರು ಉತ್ತರ ಕಂಡುಕೊಂಡರು. ಅವರು ಅದನ್ನು ರಸ್ತೆ ಮಾಡಿಕೊಂಡರು. ನೇರ ನಡುವಿನಿಂದ ಬಂದು ನಾಲ್ಕು ಗೋಲು ಹೊಡೆದರು. ನಾಲ್ಕೂ ಸಲ ಗೌತಮ ಗೋಲಿನೊಳಗೆ ಹೊರಳಾಡಿ ಚೆಂಡು ಎಳೆದು ತಂದದ್ದರಿಂದ ಅಲ್ಲಿನ ಸುಣ್ಣದ ಗೆರೆ ಪೂರ್ತಿ ಅಳಿಸಿಹೋಯಿತು. ಅರ್ಧ ಮುಗಿಯಲು ಎರಡು ನಿಮಿಷವಿರುವಾಗ ಟಿಪ್ಪುಸಾಬ ಕೂಗಿ ಕೆಳಗೆ ಬಿದ್ದ. ಮೀನಖಂಡ ಹಿಡಿದಿತ್ತು. ಅವನು ಬಿದ್ದದ್ದು ಎಂಟನೆಯ ಮನೆಯ ನಟ್ಟನಡುವೆ.

ಬೀರವ್ವ ಎದ್ದು ನಿಂತಳು. ಹನ್ನೊಂದು ಜನರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು, ಅಷ್ಟು ಸಾಕಾಯಿತು.

ವಿರಾಮದಲ್ಲಿ ಟಿಪ್ಪುಸಾಬನನ್ನು ಎತ್ತಿ ತಂದು ಗೋಲಿನ ಕಂಬಕ್ಕೆ ಒರಗಿಸಿದೆವು. ಎಂಟಕ್ಕೆ ಯಾರು ಹೋಗುತ್ತೀರಿ ಎಂದು ಕೇಳಿದರೆ ಆಟಗಾರರು ನೀರು ಕುಡಿದರು. ಅಷ್ಟು ನೀರನ್ನು ಅವರು ಎಂದೂ ಕುಡಿದಿರಲಿಲ್ಲ. ನನ್ನ ಕ್ಯಾನು ಖಾಲಿಯಾಯಿತು. ರಘೋತ್ತಮನಿಗೆ ಆ ಮೌನ ತಡೆಯದಾಯಿತು. ಹೇಳಲು ಏನೂ ತೋಚದೆ, ಕಮಿಟಿಯವರು ಇಟ್ಟಿದ್ದ ಸುಣ್ಣದ ಬಕೆಟ್ಟು ಎತ್ತಿಕೊಂಡು ಬಂದು, ಗೌತಮ ಅಳಿಸಿದ ಗೋಲಿನ ಗೆರೆಯನ್ನು ಮತ್ತೆ ಹಾಕತೊಡಗಿದ. ಮೊಸರಿನಂಥ ಗಟ್ಟಿ ಸುಣ್ಣ, ಗೆರೆ ಮಾತ್ರ ಎಂದಿನಂತೆ ನೇರ. ಕಂಬದ ಹತ್ತಿರ ಬಂದಾಗ ತಲೆ ತಗ್ಗಿಸಿಕೊಂಡೇ ಮಾತಾಡಿದ.

"ಟಿಪ್ಪುಸಾಬ್ರ, ನಾ ಎಂದೂ ಆಡಿದವನಲ್ಲ. ಧಾರವಾಡದಾಗ ಸುಣ್ಣದ ಗೆರಿ ಹಾಕ್ತಿದ್ದೆ. ಅಷ್ಟ."

ಟಿಪ್ಪುಸಾಬ ಕಾಲು ತಿಕ್ಕಿಕೊಳ್ಳುತ್ತಿದ್ದ. "ಗೊತ್ತೈತ್ರಿ," ಅಂದ.

ರಘೋತ್ತಮನ ಕೈ ನಿಂತಿತು. "ಗೊತ್ತಿತ್ತ?"

"ಮೊದಲನೇ ವಾರದಾಗ ಧಾರವಾಡಕ್ಕ ಲೋಡ ಒಯ್ದಿದ್ದೆ. ನಿಮ್ಮ ಕಾಲೇಜಿನ ಹಳೇ ಮಂದೀನ ಕೇಳಿದೆ. ಗೆರಿ ಭಾಳ ಚೊಲೋ ಹಾಕ್ತಿದ್ದ ಅಂದ್ರು."

"ಮತ್ತ ಯಾಕ ಸುಮ್ನಿದ್ರಿ?"

"ಬ್ಯಾರೇ ಯಾರೂ ಬರತೇನಿ ಅನ್ನಲಿಲ್ಲಲ್ರಿ."

ರಘೋತ್ತಮ ಬಗ್ಗಿದವನು ಬಗ್ಗಿದಂತೆಯೇ ಇದ್ದ. ಅವನ ಕಣ್ಣು ತುಂಬಿತ್ತು, ನಾನು ನೋಡಿದೆ. ಟಿಪ್ಪುಸಾಬ ತನ್ನ ಜರ್ಸಿ ಕಳಚಿ ಅವನ ಕಡೆ ಚಾಚಿದ.

"ಪಟ್ಟಿಯೊಳಗ ಹನ್ನೆರಡನೇ ಹೆಸರ ನಿಮ್ದ ಐತಿ."

ಎರಡನೆಯ ಅರ್ಧಕ್ಕೆ ರೆಫ್ರಿ ಸೀಟಿ ಊದಿದಾಗ, ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಬೆವರಿನಿಂದ ಒದ್ದೆಯಾದ ಒಂಬತ್ತನೆಯ ನಂಬರಿನ ಜರ್ಸಿ ತೊಟ್ಟು, ಕನ್ನಡಕವನ್ನು ದಾರದಿಂದ ಕಿವಿಗೆ ಕಟ್ಟಿಕೊಂಡು ರಘೋತ್ತಮ ಜೋಶಿ ಅಷ್ಟಮಕ್ಕೆ ನಡೆದ. ಬೀರವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಬದಿ ಬದಲಾಗಿತ್ತು, ಆದ್ದರಿಂದ ಈಗ ಅವನ ಮುಂದಿದ್ದದ್ದು ಅವನೇ ಗೆರೆ ಹಾಕಿದ ಗೋಲು.

ಇಪ್ಪತ್ತು ನಿಮಿಷ ಅವನು ಅಲ್ಲೇ ನಿಂತಿದ್ದ. ಚೆಂಡು ಎರಡು ಸಲ ಹತ್ತಿರ ಬಂತು, ಎರಡು ಸಲವೂ ಅವನು ದಾರಿ ಬಿಟ್ಟುಕೊಟ್ಟ. ಆ ಹೊತ್ತಿಗೆ ಕಿತ್ತೂರಿನವರು ಐದನೆಯ ಗೋಲನ್ನೂ ಹೊಡೆದು ಮುಗಿಸಿದ್ದರು. ಟಿಪ್ಪುಸಾಬ ನನ್ನ ಪಕ್ಕದಲ್ಲಿ ಕೂತು ಗಡಿಯಾರ ನೋಡುತ್ತಿದ್ದ. ಮೂರು ನಿಮಿಷ ಉಳಿಯಿತು, ಆಮೇಲೆ ಎರಡು. ಇಪ್ಪತ್ತೆರಡು ವರ್ಷದ ತಂಡ ಎರಡು ನಿಮಿಷಕ್ಕೆ ಬಂದಿತ್ತು. ಅವನ ತುಟಿ ಅಲುಗುತ್ತಿತ್ತು, ಏನು ಹೇಳಿಕೊಳ್ಳುತ್ತಿದ್ದನೋ ನಾನು ಕೇಳಲಿಲ್ಲ. ನನಗೂ ಏನೋ ಹೇಳಿಕೊಳ್ಳಬೇಕೆನಿಸಿತು, ಬಾಯಿ ಒಣಗಿತ್ತು, ಕ್ಯಾನಿನಲ್ಲಿ ನೀರಿರಲಿಲ್ಲ.

ಕಿತ್ತೂರಿನ ಹಿಂದಿನ ಆಟಗಾರನೊಬ್ಬ ಕೆಲಸವಿಲ್ಲದೆ ಗೋಲಿನ ಕಂಬಕ್ಕೆ ಒರಗಿ ಬೂಟಿನೊಳಗಿನ ಹರಳು ತೆಗೆಯುತ್ತಿದ್ದ. ಅವನು ಅಲ್ಲಿದ್ದದ್ದರಿಂದಲೇ ಮುಂದೆ ಆಫ್‌ಸೈಡ್ ಎಂದು ಯಾರೂ ಅನ್ನಲಾಗಲಿಲ್ಲ. ಅಷ್ಟರಲ್ಲಿ ಚೆಂಡು ಧನಸ್ಥಾನದಲ್ಲಿದ್ದ ಯಮನಪ್ಪನ ಕಾಲಿಗೆ ಬಂತು. ಅವನು ಕಣ್ಣು ಮುಚ್ಚಿ ಒದ್ದ. ಚೆಂಡು ಇಡೀ ಮೈದಾನ ದಾಟಿ ಬಲಬದಿಯ ಸಾಜಿದ್‌ನ ಮುಂದೆ ಬಿತ್ತು. ಸಾಜಿದ್ ಬಲಕ್ಕೆ ತಿರುಗಿದ. ಅಲ್ಲಿ ಗೆರೆ ಮುಗಿದಿತ್ತು, ಹೋಗಲು ಜಾಗವಿರಲಿಲ್ಲ. 'ಜೋಶ್ಯಾರ' ಎಂದು ಕೂಗಿ ಅಡ್ಡಕ್ಕೆ ಒದ್ದ.

ರಘೋತ್ತಮ ಅವನನ್ನು ನೋಡುತ್ತಿರಲಿಲ್ಲ. ಗೋಲಿನ ಮುಂದಿನ ಸಣ್ಣ ಚೌಕದ ಗೆರೆಯನ್ನು ಯಾರದೋ ಹಿಮ್ಮಡಿ ಕೆಡಿಸಿತ್ತು. ಇಪ್ಪತ್ತು ನಿಮಿಷದಿಂದ ಅದು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಸಹಿಸಲಾಗದೆ ಬಗ್ಗಿ, ಕೈಯಿಂದ ಸುಣ್ಣ ಸರಿಮಾಡುತ್ತಿದ್ದ. ಸಾಜಿದ್ ಒದ್ದ ಚೆಂಡು ನೇರ ಬಂದು ಅವನ ಹಿಂಭಾಗಕ್ಕೆ ಬಡಿಯಿತು. ಅವನು ಮುಂದಕ್ಕೆ ಮುಗ್ಗರಿಸಿದ. ಚೆಂಡು ದಿಕ್ಕು ಬದಲಿಸಿ, ನಿಧಾನವಾಗಿ, ಗೋಲಿಯ ಇನ್ನೊಂದು ಬದಿಯಿಂದ ಉರುಳುತ್ತ ಹೋಯಿತು. ಗೋಲಿ ಹಾರಿ ಬಿದ್ದು ಅದನ್ನು ಹಿಡಿದು ಎದೆಗೆ ಎಳೆದುಕೊಂಡ.

"ಗೋಲ!" ಎಂದು ನಮ್ಮ ಹನ್ನೊಂದೂ ಬಾಯಿ ಕೂಗಿದವು. "ಇಲ್ಲ, ಗೆರಿ ದಾಟಿಲ್ಲ," ಎಂದು ಕಿತ್ತೂರಿನ ಗೋಲಿ ಚೆಂಡು ತಬ್ಬಿಕೊಂಡೇ ಹೇಳಿದ. ಎರಡೂ ಕಡೆಯವರು ಓಡಿ ಬಂದರು. ಯಾರದೋ ಕಾಲರು ಯಾರದೋ ಕೈಯಲ್ಲಿತ್ತು. ರೆಫ್ರಿ ದೂರದಲ್ಲಿದ್ದವರು, ಬಂದು ಎರಡೂ ಕೈ ಎತ್ತಿದರು.

"ನಾ ನೋಡಿಲ್ಲ. ನೋಡಲಾರದ ಗೋಲ ಕೊಡಾಕ ಬರೂದಿಲ್ಲ."

ಟಿಪ್ಪುಸಾಬ ನನ್ನ ಹೆಗಲು ಹಿಡಿದು ಎದ್ದ. ಅವನ ಉಗುರು ನನ್ನ ಮಾಂಸಕ್ಕೆ ಇಳಿದಿತ್ತು.

ನೆಲದಲ್ಲಿ ಬಿದ್ದಿದ್ದ ರಘೋತ್ತಮ ಏಳಲಿಲ್ಲ. ಮೊಣಕಾಲೂರಿ ಗೋಲಿನೊಳಗೆ ಹೋದ. "ಸರ್, ಎಲ್ಲಾರನೂ ಹಿಂದ ಸರಸ್ರಿ. ಇಲ್ಲಿ ಯಾರೂ ಕಾಲ ಇಡಬಾರದು," ಅಂದ. ಆ ದನಿ ನಾವು ಅವನಿಂದ ಎಂದೂ ಕೇಳಿರದ ದನಿ, ದೊಡ್ಡ ಜೋಶಿಯವರದೇ. ಎಲ್ಲರೂ ಸರಿದರು.

"ಇದು ಗೆರಿ. ಇನ್ನೂ ಹಸೀ ಅದ. ಚೆಂಡು ಇಲ್ಲಿ ಗೆರಿ ತುಳದದ, ಚೆಂಡಿಗೆ ಒಂದ ಕಡೆ ಸುಣ್ಣ ಹತ್ತೇದ. ಈಗ ಇಲ್ಲಿ ನೋಡ್ರಿ."

ಗೆರೆಯಿಂದ ಎರಡಡಿಗೂ ಹೆಚ್ಚು ಆಚೆ, ಗೋಲಿನೊಳಗೆ, ಎರೆಮಣ್ಣಿನ ಮೇಲೆ ಅಂಗೈಯಷ್ಟು ಬಿಳಿ ಮಚ್ಚೆ.

"ಸುಣ್ಣ ಹತ್ತಿದ ಬದಿ ಒಂದು ಸುತ್ತು ಪೂರಾ ತಿರುಗಿ ಮತ್ತ ನೆಲಕ್ಕ ಮುಟ್ಟೇದ. ಅಂದ್ರ ಚೆಂಡು ಇಲ್ಲಿತನಾ ಉರುಳೇದ. ಆಮ್ಯಾಲ ಇವರು ಎಳಕೊಂಡಾರ."

ರೆಫ್ರಿ ಗೋಲಿಯ ಕೈಯಿಂದ ಚೆಂಡು ತೆಗೆದುಕೊಂಡರು. ಒಂದು ಕಡೆ ಮಾತ್ರ ಸುಣ್ಣದ ಪಟ್ಟೆ ಇತ್ತು. ಅದನ್ನು ಗೆರೆಯ ಮೇಲಿಟ್ಟು, ತಾವೇ ಕೂತು, ಮೆಲ್ಲಗೆ ಉರುಳಿಸಿದರು. ಇಡೀ ಮೈದಾನ ಆ ಚೆಂಡನ್ನು ನೋಡುತ್ತಿತ್ತು. ಪಟ್ಟೆ ಮೇಲೆ ಹೋಯಿತು, ಹಿಂದೆ ಬಂತು, ಕೆಳಗಿಳಿದು ಬಿಳಿ ಮಚ್ಚೆಯ ಮೇಲೆ ಕೂತಿತು. ರೆಫ್ರಿ ಮೊಣಕಾಲಿನ ಮಣ್ಣು ಝಾಡಿಸಿಕೊಂಡು ಎದ್ದು, ಸೀಟಿ ಊದಿ, ಮೈದಾನದ ನಡುವಿಗೆ ಕೈ ತೋರಿಸಿದರು.

ಐದು ಒಂದರಿಂದ ಸೋತ ತಂಡವೊಂದು ಹಾಗೆ ಕುಣಿದದ್ದನ್ನು ಸವದತ್ತಿಯವರು ಮೊದಲು ಕಂಡಿರಲಿಲ್ಲ. ಯಮನಪ್ಪ ಕೋಚನ್ನು ಹೆಗಲ ಮೇಲೆ ಹೊತ್ತ. ಬೀರವ್ವ ಅಂಗಡಿಯಿಂದ ಅರಿಶಿಣ ತರಿಸಿ, ಪೆಟ್ಟು ಬಿದ್ದ ಜಾಗಕ್ಕೆ ಹಚ್ಚುತ್ತೇನೆಂದು ಬಂದಳು. ಜಾಗ ಯಾವುದೆಂದು ತಿಳಿದ ಮೇಲೆ ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟಳು.

"ನನ್ನ ಮಗನ ಕಂಟಕಾನ ತಮ್ಮ ಮೈಮ್ಯಾಲ ತಗೊಂಡ್ರು," ಅಂದಳು ಕಣ್ಣೊರೆಸಿಕೊಳ್ಳುತ್ತ. "ಅಪ್ಪನಕ್ಕಿಂತ ದೊಡ್ಡ ಜೋಶಿ."

ಟೆಂಪೋದ ಹತ್ತಿರ ಟಿಪ್ಪುಸಾಬ ಕಮಿಟಿಯವರು ಕೊಟ್ಟ ಕಾಗದ ತೋರಿಸಿದ. ನೇಸರಗಿ, ಒಂದು ಗೋಲು, ರ. ಜೋಶಿ. ಮುಂದಿನ ವರ್ಷಕ್ಕೂ ಹೆಸರು ಇತ್ತು. "ಇನ್ಮ್ಯಾಲ ಟೀಮಿನಾಗ ಇದ್ದೆ ಅಂತ ಯಾರ ಮುಂದ ಬೇಕಾದ್ರೂ ಹೇಳ್ರಿ, ಸುಳ್ಳಾಗೂದಿಲ್ಲ," ಅಂದ.

ಒಂದು ವಾರದ ಮೇಲೆ ಬೈಲಹೊಂಗಲದ ಬಸ್ಸಿಗೆ ಕಾಯುತ್ತಿದ್ದ ಒಬ್ಬ ದೊಡ್ಡ ಮನುಷ್ಯರು ನನ್ನ ಅಂಗಡಿಯಲ್ಲಿ ಕೂತು, ಗೋಲು ಹೊಡೆದವರು ಇವರೇನಾ ಎಂದು ಕೇಳಿದರು. ರಘೋತ್ತಮ ಬೆಂಚಿನ ತುದಿಗೆ ಒಂದೇ ಬದಿಯ ಮೇಲೆ ಭಾರ ಹಾಕಿ ಕೂತಿದ್ದ.

"ಆಟಾ ಎಲ್ಲಿ ಕಲತ್ರಿ?"

"ನನಗ ಆಟಾ ಬರೂದಿಲ್ಲರಿ. ಧಾರವಾಡದಾಗ ಸುಣ್ಣದ ಗೆರಿ ಹಾಕ್ತಿದ್ದೆ."

ಆ ಮನುಷ್ಯರು ನನ್ನ ಕಡೆ ತಿರುಗಿ ಮೆಚ್ಚುಗೆಯಿಂದ ತಲೆದೂಗಿದರು. ಎಂಥ ಸಾದಾ ಮನುಷ್ಯ ಎಂದು ಅವರು ಹೇಳುವಷ್ಟರಲ್ಲಿ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಟಿಪ್ಪುಸಾಬ ಮಾತಾಡಿದ.

"ಖರೇನ ಹೇಳಾಕ ಹತ್ತ್ಯಾರ್ರಿ ಅವರು. ಆ ಗೆರಿ ಇರದಿದ್ರ ನನ್ನ ಟೀಮ ಇರತಿದ್ದಿಲ್ಲ."

ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ಸ್ಟೋವಿನ ಸದ್ದು ಮಾತ್ರ ಇತ್ತು. ಆ ಮೌನ ಬಹಳ ಹೊತ್ತು ನಡೆಯಿತು. ನಾನು ಒಳಗೊಳಗೇ ಹೆದರುತ್ತ ರಘೋತ್ತಮನ ಬಾಯಿ ನೋಡುತ್ತಿದ್ದೆ. ಅವನು ಬಸಿಯಲ್ಲಿ ಚಹಾ ಸುರುವಿಕೊಂಡು, ಆರಿಸಿ, ಕುಡಿದ. ಏನೂ ಹೇಳಲಿಲ್ಲ.